ಜಾಯಿಕಾಯಿಯ ತವರು



ಇವತ್ತು ಒಂದು ಕಾಯಿಯ ಬೆನ್ನು ಹತ್ತಿ ದೂರದ ಸಮುದ್ರಕ್ಕೆ ಹೋಗಿಬರೋಣ. ಕಾಯಿ ನಿಮಗೆಲ್ಲ ಗೊತ್ತಿರುವುದೇ. ಎಳೆಗೂಸಿನ ಹೊಟ್ಟೆ ಕೆಟ್ಟರೆ ನಮ್ಮ ಅಜ್ಜಿಯಂದಿರು ಬಜೆ, ಮಾಸಿಕಾಯಿಗಳ ಜೊತೆ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದರಲ್ಲ, ಆ ಜಾಯಿಕಾಯಿ. ಮನೆಯೊಳಗೆ ಅದು ಜಾಯಿಕಾಯಿ. ಹೊಸ್ತಿಲು ದಾಟಿ ಅಂಗಡಿಗೆ ಹೋದರೆ ಹೆಸರು ಬದಲಾಗುತ್ತದೆ. ಆದವಾನಿ, ಮಡಕಶಿರಾದವರು ಜಾಜಿಕಾಯ ಕೊಡಿ ಎನ್ನುತ್ತಾರೆ; ಹೊಸೂರು, ತಾಳವಾಡಿಯವರು ಜಾದಿಕ್ಕಾಯ್; ಕಾಸರಗೋಡಿನವರು ಜಾದಿಕ್ಕ; ಸೊಲ್ಲಾಪುರ, ಜತ್ತದ ಕಡೆಯವರು ಜಾಯಫಳ. ಒಂದೇ ಕಾಯಿಗೆ ಎರಡೆರಡು ಹೆಸರು ಇಟ್ಟುಕೊಂಡು ಬದುಕುವುದು ನಮಗೆ ಹೊಸತಲ್ಲ.

ಆದರೆ ಆ ಕಾಯಿ ಹುಟ್ಟಿದ ಊರಿನಲ್ಲಿ ಅದಕ್ಕೆ ಏನೆನ್ನುತ್ತಾರೆ? 'ಪಾಲಾ' ಎನ್ನುತ್ತಾರೆ. ನಮ್ಮ 'ಫಲ'ವೇ ಅದು. ಸಂಸ್ಕೃತದ ಜಾತೀಫಲ ಹಡಗು ಹತ್ತಿ ಅಷ್ಟು ದೂರ ಹೋಗಿ, 'ಜಾತಿ'ಯನ್ನು ಕಡಲಿಗೆ ಬಿಟ್ಟು, ಬರಿಯ ಫಲವಾಗಿ ದಡ ಸೇರಿದೆ. ಇದು ಮಲಯ್ ಭಾಷೆಯ ಮಾತು. ಅಲ್ಲಿಯವರು ಇದಕ್ಕಿಂತ ಹಿಂದೆ ತಮ್ಮದೇ ನುಡಿಯಲ್ಲಿ ಮಾತನಾಡುತ್ತಿದ್ದರು. ಆ ನುಡಿ ಈಗ ಆ ಊರಿನಲ್ಲಿಲ್ಲ. ಅದು ಎಲ್ಲಿ ಹೋಯಿತು ಎಂಬುದೇ ಇವತ್ತಿನ ಕಥೆ.

ಇಂಡೊನೇಷ್ಯಾ ದೇಶದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಅದರ ಮೂಡಣ ಭಾಗದಲ್ಲಿ, ಭೂಮಧ್ಯರೇಖೆಯ ಆಚೀಚೆ ಚೆಲ್ಲಿಕೊಂಡಿರುವುದು ಮಲುಕು ದ್ವೀಪಗಳು. ಉತ್ತರದಲ್ಲಿ ತರ್ನಾತೆ, ತಿದೋರೆ ಎಂಬ ಎರಡು ದ್ವೀಪಗಳು ಎದುರುಬದುರಾಗಿ ನಿಂತಿವೆ. ಎರಡೂ ಕಡಲಿನಿಂದ ನೇರವಾಗಿ ಎದ್ದ ಬೆಂಕಿಬೆಟ್ಟಗಳೇ. ತರ್ನಾತೆಯ ಗಮಲಾಮಾ ಬೆಟ್ಟ 1700 ಮೀಟರಿಗೂ ಎತ್ತರ. ಅದರ ಬುಡದ ಸುತ್ತ ಬಳೆಯ ಹಾಗೆ ಪಟ್ಟಣ ಹಬ್ಬಿದೆ. ಕೊಯ್ಲಿನ ಕಾಲದಲ್ಲಿ ರಸ್ತೆಯಂಚಿಗೆ ಚಾಪೆ ಹಾಸಿ ಲವಂಗ ಒಣಗಿಸುತ್ತಾರೆ. ಲವಂಗವೂ ಒಂದು ಕಾಲಕ್ಕೆ ಈ ಸುತ್ತಿನ ನಾಲ್ಕಾರು ದ್ವೀಪ ಬಿಟ್ಟರೆ ಬೇರೆಲ್ಲೂ ಬೆಳೆಯುತ್ತಿರಲಿಲ್ಲ. ಅದರ ಬಲದಿಂದಲೇ ಅಲ್ಲಿ ಇಬ್ಬರು ಸುಲ್ತಾನರು ರಾಜ್ಯ ಕಟ್ಟಿದರು. ಇಬ್ಬರಿಗೂ ದಾಯಾದಿ ಮತ್ಸರ. ಒಬ್ಬರು ಪೋರ್ಚುಗೀಸರನ್ನು ಕರೆದರೆ ಇನ್ನೊಬ್ಬರು ಸ್ಪೇನಿನವರನ್ನು ಕರೆದರು. ಮೆಗೆಲನ್ನನ ಪಡೆಯಲ್ಲಿ ಉಳಿದವರು 1521ರಲ್ಲಿ ಲವಂಗ ತುಂಬಿಕೊಂಡದ್ದು ತಿದೋರೆಯಲ್ಲಿ. ಭೂಮಿ ಸುತ್ತಿ 1522ರಲ್ಲಿ ಸ್ಪೇನಿಗೆ ಮುಟ್ಟಿದ ಹಡಗು ಒಂದೇ. ಅದರಲ್ಲಿ ಇದ್ದವರು ಹದಿನೆಂಟೇ ಜನ.

ಗೋವೆಯ ಕೇಳುಗರು ಇಲ್ಲಿ ಕಿವಿಗೊಡಬೇಕು. 1510ರಲ್ಲಿ ಗೋವೆಯನ್ನು ಹಿಡಿದ ಅಲ್ಬುಕರ್ಕನೇ ಮರುವರ್ಷ ಮಲಾಕ್ಕಾ ಬಂದರನ್ನು ಹಿಡಿದ. ಅಲ್ಲಿಂದ ಹೊರಟ ಅವನ ಹಡಗುಗಳು 1512ರಲ್ಲಿ ಜಾಯಿಕಾಯಿಯ ದ್ವೀಪಗಳನ್ನು ಮುಟ್ಟಿದವು. ಮುಂದೆ ಮಲುಕುವಿನ ಪೋರ್ಚುಗೀಸ್ ಕೋಟೆಗಳಿಗೆ ಆಜ್ಞೆ ಹೋಗುತ್ತಿದ್ದುದು ಗೋವೆಯಿಂದ. ತರ್ನಾತೆಯ ತಬಾರಿಜಾ ಎಂಬ ಸುಲ್ತಾನನನ್ನು ಸೆರೆಹಿಡಿದು ತಂದದ್ದೂ ಗೋವೆಗೇ. ಹಳೇ ಗೋವೆಯಲ್ಲಿ ಯಾರ ದೇಹವನ್ನು ಇಟ್ಟಿದ್ದಾರೆಯೋ ಆ ಫ್ರಾನ್ಸಿಸ್ ಝೇವಿಯರ್ 1546-47ರಲ್ಲಿ ಅಂಬೋನ್, ತರ್ನಾತೆಗಳಲ್ಲಿ ತಿರುಗಾಡಿದ್ದರು. 1570ರಲ್ಲಿ ಪೋರ್ಚುಗೀಸರು ತರ್ನಾತೆಯ ಸುಲ್ತಾನ ಹೈರುನ್‌ನನ್ನು ಮೋಸದಿಂದ ಕೊಂದರು. ಅವನ ಮಗ ಬಾಬುಲ್ಲಾ ಐದು ವರ್ಷ ಅವರ ಕೋಟೆಗೆ ಮುತ್ತಿಗೆ ಹಾಕಿ, 1575ರಲ್ಲಿ ಅವರನ್ನು ಹೊರಹಾಕಿದ. ಇಂದು ತರ್ನಾತೆಯ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು.

ತರ್ನಾತೆಗೆ ಸುಲ್ತಾನನಿದ್ದ, ಕೋಟೆಯಿತ್ತು, ದಂಡಿತ್ತು. ದಕ್ಷಿಣದ ಬಾಂಡಾ ದ್ವೀಪಗಳಿಗೆ ಅದೊಂದೂ ಇರಲಿಲ್ಲ.

ಬಾಂಡಾ ಎಂದರೆ ಆಳವಾದ ಕಡಲಿನ ನಡುವೆ ಒಂದು ಹಿಡಿ ಪುಟ್ಟ ದ್ವೀಪಗಳು. ದೊಡ್ಡದು ಲೊಂತೊರ್, ಪಟ್ಟಣವಿರುವುದು ನೈರಾ, ಅದರೆದುರಿಗೇ ಗುನುಂಗ್ ಆಪಿ, ಎಂದರೆ ಬೆಂಕಿಬೆಟ್ಟ. ಅದು ಕಡೆಯ ಬಾರಿ ಸಿಡಿದದ್ದು 1988ರಲ್ಲಿ. ಸ್ವಲ್ಪ ದೂರದಲ್ಲಿ ಆಯ್, ರುನ್. ಜಾಯಿಕಾಯಿ ಮರ ತಾನಾಗಿ ಬೆಳೆದದ್ದು ಈ ದ್ವೀಪಗಳಲ್ಲಿ ಮಾತ್ರ. ಎತ್ತರದ ಕನಾರಿ ಮರಗಳ ನೆರಳಿನಲ್ಲಿ, ನಮ್ಮ ಅಡಿಕೆ ತೋಟದೊಳಗಿನ ತಂಪಿನಂಥ ತಂಪಿನಲ್ಲಿ ಅದು ಬೆಳೆಯುತ್ತದೆ. ಹಣ್ಣು ಬಲಿತಾಗ ತಾನೇ ಬಾಯಿ ಬಿಡುತ್ತದೆ. ಒಳಗೆ ಕಪ್ಪು ಬೀಜ. ಬೀಜದ ಮೈಗೆ ಕೆಂಪು ಬಲೆಯಂತೆ ಸುತ್ತಿಕೊಂಡಿರುವುದೇ ಜಾಪತ್ರೆ. ಪಶ್ಚಿಮ ಘಟ್ಟದ ಕಾಡಿನ ರಾಂಪತ್ರೆ ಇದರ ದಾಯಾದಿ, ಆದರೆ ಆ ಘಮ ಅದಕ್ಕಿಲ್ಲ.

ಬಾಂಡಾದಲ್ಲಿ ರಾಜನಿರಲಿಲ್ಲ. 'ಒರಾಂಗ್ ಕಾಯಾ' ಎಂಬ ಹಿರಿಯರು, ನಮ್ಮಲ್ಲಿ ಊರ ಗೌಡರು ಕಟ್ಟೆಯ ಮೇಲೆ ಕೂಡುವ ಹಾಗೆ ಕೂಡಿ, ನ್ಯಾಯ ಬೆಲೆ ಎಲ್ಲ ತೀರ್ಮಾನಿಸುತ್ತಿದ್ದರು. ದ್ವೀಪದಲ್ಲಿ ಅಕ್ಕಿ ಬೆಳೆಯುವುದಿಲ್ಲ. ಜಾವಾದವರು ಅಕ್ಕಿ ತರುತ್ತಿದ್ದರು, ಸುತ್ತಲ ದ್ವೀಪದವರು ಸಾಗೋ ತರುತ್ತಿದ್ದರು, ಬಟ್ಟೆ ನಮ್ಮ ದೇಶದಿಂದ ಹೋಗುತ್ತಿತ್ತು. ಗುಜರಾತಿನ ಪಟೋಲ, ಚೋಳಮಂಡಲ ಕರಾವಳಿಯ ಬಣ್ಣದ ಸೀರೆ ಪಂಚೆಗಳೇ ಅಲ್ಲಿ ಹಣವಿದ್ದಂತೆ. ಬಟ್ಟೆಯಿಲ್ಲದೆ ಮಸಾಲೆ ಸಿಗದು ಎಂದು ಡಚ್ಚರಿಗೆ ಬೇಗ ತಿಳಿಯಿತು. ಹಾಗಾಗಿಯೇ ಅವರು ಮಚಲೀಪಟ್ಟಣದಲ್ಲಿ, ಆಮೇಲೆ ಪುಲಿಕಾಟಿನಲ್ಲಿ ಠಾಣೆ ಮಾಡಿದರು. 1610ರಲ್ಲಿ ಪುಲಿಕಾಟಿನಲ್ಲಿ ನೆಲೆಯೂರಲು ಅವರಿಗೆ ಅನುಮತಿ ಕೊಟ್ಟ ದೊರೆ ವಿಜಯನಗರದ ಅರವೀಡು ವಂಶದ ವೆಂಕಟಪತಿರಾಯ. ನಮ್ಮ ಹೆಮ್ಮೆಯ ರಾಯರ ಮನೆತನಕ್ಕೂ ಈ ಕಥೆಗೂ ಇಷ್ಟು ನಂಟುಂಟು. ಆ ಬಟ್ಟೆ ಮುಂದೆ ಏನೇನನ್ನು ಕೊಂಡಿತು ಎಂದು ರಾಯರಿಗೆ ತಿಳಿದಿರಲಾರದು.

ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಅವರ ಬೇಡಿಕೆ ಒಂದೇ: ಜಾಯಿಕಾಯಿ ನಮಗೊಬ್ಬರಿಗೇ ಮಾರಬೇಕು, ನಾವು ಹೇಳಿದ ಬೆಲೆಗೆ. ಹಿರಿಯರ ಕೈಯಲ್ಲಿ ಕರಾರಿಗೆ ಗುರುತು ಹಾಕಿಸಿಕೊಂಡರು. ಅದರಲ್ಲಿ ಏನು ಬರೆದಿತ್ತೋ, ಗುರುತು ಹಾಕಿದವರಿಗೆ ಎಷ್ಟು ಅರ್ಥವಾಯಿತೋ! ಪರಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಅನುಭವ ನಮ್ಮ ಗಡಿ ಹಳ್ಳಿಗಳ ಹಿರಿಯರಿಗೂ ಉಂಟು, ಹೆಚ್ಚು ವಿವರಿಸಬೇಕಿಲ್ಲ. ಜಾವಾದವರಿಗೆ ಕಾಯಿ ಕೊಡದಿದ್ದರೆ ಅಕ್ಕಿ ಬರುವುದಿಲ್ಲ. ಹೊಟ್ಟೆಗಿಲ್ಲದೆ ಕರಾರು ನಡೆಸುವುದು ಹೇಗೆ? ಬಾಂಡಾದವರು ಹಳೆಯ ಗಿರಾಕಿಗಳಿಗೆ ಮಾರುತ್ತಲೇ ಹೋದರು. 1609ರಲ್ಲಿ ನೈರಾದಲ್ಲಿ ಕೋಟೆ ಕಟ್ಟಲು ಬಂದ ಡಚ್ ನೌಕಾಧಿಪತಿ ವೆರ್ಹೂವನ್ನನ್ನು ಮಾತುಕತೆಗೆಂದು ಕರೆದು, ಸಂಗಡಿಗರ ಸಮೇತ ಕೊಂದರು. ಇದನ್ನೂ ಮುಚ್ಚಿಡಬಾರದು. ಆ ಪಡೆಯಲ್ಲಿ ಬಂದಿದ್ದ ಯಾನ್ ಪೀಟರ್ಸ್‌ಜೂನ್ ಕೂನ್ ಎಂಬ ತರುಣ ವ್ಯಾಪಾರಿ ಅದನ್ನು ಮರೆಯಲಿಲ್ಲ.

ಕೂನ್ ಮುಂದೆ ಕಂಪನಿಯ ಗವರ್ನರ್ ಜನರಲ್ ಆದ. 1619ರಲ್ಲಿ ಜಾವಾದ ಜಯಕರ್ತ ಪಟ್ಟಣವನ್ನು ಸುಟ್ಟು ಅದರ ಮೇಲೆ ಬಟಾವಿಯಾ ಕಟ್ಟಿಸಿದ. ಈಗಿನ ಜಕಾರ್ತ ಅದೇ. 1621ರಲ್ಲಿ ದೊಡ್ಡ ನೌಕಾಪಡೆಯೊಡನೆ ಬಾಂಡಾಕ್ಕೆ ಬಂದಿಳಿದ. ಲೊಂತೊರ್ ಕೆಲವೇ ದಿನಗಳಲ್ಲಿ ಬಿತ್ತು. ಸೆರೆಸಿಕ್ಕ ಹಿರಿಯರು ಮತ್ತು ಅವರ ಕಡೆಯವರು 44 ಜನರನ್ನು ಮೇ 8ರಂದು ನೈರಾದ ಕೋಟೆಯ ಬಳಿ ಬಿದಿರಿನ ಬೇಲಿಯೊಳಗೆ ನಿಲ್ಲಿಸಿ, ಕೂಲಿಗೆ ತಂದ ಜಪಾನಿ ಸೈನಿಕರ ಕೈಯಲ್ಲಿ ತಲೆ ಕಡಿಸಿದ. ಮಳೆ ಸುರಿಯುತ್ತಿತ್ತಂತೆ. ನೋಡುತ್ತಿದ್ದ ಡಚ್ಚರಲ್ಲೇ ಒಬ್ಬನು ಅದನ್ನು ಅಸಹ್ಯಪಟ್ಟು ಬರೆದಿಟ್ಟಿದ್ದರಿಂದಲೇ ಇಷ್ಟೆಲ್ಲ ನಮಗೆ ತಿಳಿದಿದೆ. ಉಳಿದವರು ಬೆಟ್ಟದ ಮೇಲಿನ ಕಾಡಿಗೆ ಓಡಿದರು. ಅಲ್ಲಿ ಹಸಿವಿನಿಂದ ಸತ್ತವರು ಹೆಚ್ಚು. ಸುಮಾರು 800 ಜನರನ್ನು ಹಡಗಿಗೆ ತುಂಬಿ ಬಟಾವಿಯಾಕ್ಕೆ ಸಾಗಿಸಿದರು. ಯುದ್ಧಕ್ಕೆ ಮುಂಚೆ ಬಾಂಡಾದಲ್ಲಿ ಹದಿನೈದು ಸಾವಿರ ಜನರಿದ್ದರು ಎಂದು ಅಂದಾಜು. ಆಮೇಲೆ ಅಲ್ಲಿ ಉಳಿದವರು ಒಂದು ಸಾವಿರದ ಆಸುಪಾಸು.

ಮರಗಳು ಉಳಿದವು, ಕೊಯ್ಯುವವರಿಲ್ಲ. ಕಂಪನಿ ತೋಟಗಳನ್ನು 68 ಭಾಗ ಮಾಡಿ ತನ್ನ ಮಾಜಿ ನೌಕರರಿಗೆ ಹಂಚಿ, ದುಡಿಯಲು ಗುಲಾಮರನ್ನು ತಂದುಕೊಟ್ಟಿತು. ಸುತ್ತಲ ದ್ವೀಪಗಳಿಂದ ತಂದಂತೆ ನಮ್ಮ ಚೋಳಮಂಡಲ ಕರಾವಳಿಯಿಂದಲೂ ಗುಲಾಮರನ್ನು ಕೊಂಡು ಸಾಗಿಸಿದರು. ಬರಗಾಲದಲ್ಲಿ ಮಕ್ಕಳನ್ನು ಮಾರಿಕೊಂಡ ಮನೆಗಳ ಪಾಪ ಆ ಹಡಗುಗಳಲ್ಲಿತ್ತು. ಬೇರೆಲ್ಲೂ ಮರ ಹುಟ್ಟಬಾರದೆಂದು ಕಾಯಿಗಳನ್ನು ಸುಣ್ಣದ ನೀರಿನಲ್ಲಿ ಅದ್ದಿಯೇ ಮಾರುತ್ತಿದ್ದರು.

ರುನ್ ದ್ವೀಪದ ಕಥೆಯನ್ನು ನೀವು ಎಲ್ಲಾದರೂ ಕೇಳಿರಬಹುದು. ಮೂರು ಕಿಲೋಮೀಟರ್ ಉದ್ದದ ಆ ನೆಲಕ್ಕಾಗಿ ಇಂಗ್ಲಿಷರೂ ಡಚ್ಚರೂ ಅರ್ಧ ಶತಮಾನ ಕಾದಾಡಿದರು. 1667ರ ಬ್ರೆಡಾ ಒಪ್ಪಂದದಲ್ಲಿ ರುನ್ ಡಚ್ಚರಿಗೆ ಉಳಿಯಿತು, ಅಮೆರಿಕದ ಮ್ಯಾನ್‌ಹಟನ್ ಇಂಗ್ಲಿಷರಿಗೆ ಉಳಿಯಿತು. ಇಂದಿನ ನ್ಯೂಯಾರ್ಕನ್ನು ಜಾಯಿಕಾಯಿಗೆ ಮಾರಿದರು ನೋಡಿ ಎಂದು ಎಲ್ಲರೂ ನಗುತ್ತ ಹೇಳುವ ಕಥೆ ಇದು. ನನಗೇನೋ ಅದು ನಗುವ ಕಥೆ ಅನ್ನಿಸುವುದಿಲ್ಲ. ಎಲ್ಲೋ ಒಂದು ಊರಿನ ಮೇಜಿನ ಸುತ್ತ ಕೂತು ಎರಡು ನೆಲಗಳ ಹಣೆಬರಹ ಬರೆದರು. ಎರಡೂ ಕಡೆ ಅಲ್ಲಿ ಬದುಕಿದ್ದವರನ್ನು ಕೇಳಿದವರಿಲ್ಲ. ಗೆರೆ ಎಳೆದವರಿಗೂ ಗೆರೆಯ ಮೇಲೆ ಮನೆಯಿರುವವರಿಗೂ ಲೆಕ್ಕ ಒಂದೇ ಆಗಿರುವುದಿಲ್ಲ.

ಗುಟ್ಟು ಎಷ್ಟು ದಿನ ನಿಂತೀತು? ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಬಾಂಡಾ ಕೆಲಕಾಲ ಇಂಗ್ಲಿಷರ ಕೈಸೇರಿದಾಗ ಅವರು ಸಸಿಗಳನ್ನು ಪಿನಾಂಗ್, ಸಿಂಹಳಗಳಿಗೆ ಸಾಗಿಸಿದರು. ವೆಸ್ಟ್ ಇಂಡೀಸಿನ ಗ್ರೆನಡಾ ದೇಶದ ಬಾವುಟದ ಮೇಲೆ ಈಗ ಜಾಯಿಕಾಯಿಯ ಚಿತ್ರವಿದೆ. ನೀಲಗಿರಿಯ ಬರ್ಲಿಯಾರಿನ ತೋಟದಲ್ಲಿಯೂ ಆ ಮರಗಳಿವೆ, ಕೇರಳದ ತೋಟಗಳಲ್ಲಂತೂ ಸಾಕಷ್ಟಿವೆ. ಬಾಂಡಾ ಬಡವಾಯಿತು. ಹಾಳುಬಿದ್ದ ಬಂಗಲೆಗಳ ಆ ಊರನ್ನು ಡಚ್ ಸರ್ಕಾರ ಗಡೀಪಾರಿನ ಜಾಗ ಮಾಡಿಕೊಂಡಿತು. ಸ್ವಾತಂತ್ರ್ಯ ಹೋರಾಟಗಾರರಾದ ಹತ್ತಾ ಮತ್ತು ಶಹರೀರ್ 1936ರಿಂದ 1942ರವರೆಗೆ ಇಲ್ಲಿ ಬಂಧಿಗಳಾಗಿದ್ದರು. ಹತ್ತಾ ಅವರು ಹದಿನಾರು ಪೆಟ್ಟಿಗೆ ಪುಸ್ತಕ ಹೊತ್ತು ತಂದಿದ್ದರು. ಊರ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. 1945ರಲ್ಲಿ ಒಬ್ಬರು ದೇಶದ ಮೊದಲ ಉಪರಾಷ್ಟ್ರಪತಿಯಾದರು, ಇನ್ನೊಬ್ಬರು ಮೊದಲ ಪ್ರಧಾನಿಯಾದರು.

ಅವರು ಪಾಠ ಹೇಳಿದ್ದು ಮಲಯ್ ಭಾಷೆಯಲ್ಲಿ. 1928ರಲ್ಲಿ ಇಂಡೊನೇಷ್ಯಾದ ತರುಣರು ಬಟಾವಿಯಾದಲ್ಲಿ ಸೇರಿ, ಹೆಚ್ಚು ಜನರಾಡುವ ಜಾವಾ ಭಾಷೆಯನ್ನು ಬಿಟ್ಟು, ಎಲ್ಲ ಬಂದರುಗಳ ಸಂತೆಮಾತಾಗಿದ್ದ ಮಲಯನ್ನೇ ದೇಶದ ನುಡಿಯೆಂದು ಒಪ್ಪಿದ್ದರು. ನಮ್ಮ ಕಿವಿಗೆ ಅದು ಪೂರ್ತಿ ಪರಕೀಯವಲ್ಲ. ಭಾಷೆಗೆ ಅವರು 'ಬಹಾಸಾ' ಎನ್ನುತ್ತಾರೆ, ಉಪವಾಸಕ್ಕೆ 'ಪುಆಸಾ', ಕಥೆಗೆ 'ಚರಿತಾ'. ಗುರುವಿಗೆ ಗುರು ಎಂದೇ. ಪಟ್ಟಣಕ್ಕೆ 'ಕೋತಾ' ಎಂದರೆ ನಮಗೆ ಕೋಟೆ ನೆನಪಾಗುತ್ತದೆ. ಹಡಗಿಗೆ 'ಕಪಾಲ್', ಅಂಗಡಿಗೆ 'ಕೆದಾಯ್' ಎಂದರೆ ತಾಳವಾಡಿಯವರು ಇದು ತಮಿಳಲ್ಲವೇ ಎಂದಾರು!

ಈಗ ಬಾಂಡಾದಲ್ಲಿ ಎಲ್ಲರ ಮಾತೂ ಮಲಯ್. ಜಾವಾ, ಬುತೊನ್, ಅರಬ್, ಚೀನಾ ಮೂಲದವರು, ಗುಲಾಮರ ಮಕ್ಕಳು ಮೊಮ್ಮಕ್ಕಳು ಕಲೆತು ಆದ ಜನ ಅವರು. ಆ ನೆಲದ ನೆನಪನ್ನು ಅವರೇ ಹೊತ್ತುಕೊಂಡಿದ್ದಾರೆ. ನೈರಾದ ಒಂದು ಬಾವಿಯ ಬಳಿ ಸತ್ತವರ ಹೆಸರು ಕೆತ್ತಿಸಿದ್ದಾರೆ. ಚಕಲೇಲೆ ಕುಣಿತದಲ್ಲಿ ಆ ಹಿರಿಯರನ್ನು ನೆನೆಯುತ್ತಾರೆ.

ಹಾಗಾದರೆ ಬಾಂಡಾದ ನುಡಿ? 1621ರಲ್ಲಿ ತಪ್ಪಿಸಿಕೊಂಡವರು ಕೆಲವರು ದೋಣಿ ಹತ್ತಿ ಆಗ್ನೇಯಕ್ಕೆ ಹೊರಟರು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ಕಡಲು ದಾಟಿ ಕೇಯಿ ದ್ವೀಪಗಳನ್ನು ಸೇರಿದರು. ಅಲ್ಲಿಯವರ ಮಾತೇ ಬೇರೆ. ಕೇಯಿ ಬೆಸಾರ್ ಎಂಬ ದ್ವೀಪದಲ್ಲಿ ಅವರು ನೆಲೆನಿಂತ ಎರಡು ಊರುಗಳ ಹೆಸರು ಇಂದಿಗೂ ಬಾಂಡಾ ಎಲಿ, ಬಾಂಡಾ ಎಲಾತ್. ಅಕ್ಕಪಕ್ಕದವರೊಡನೆ ಕೇಯಿ ಭಾಷೆ, ಪೇಟೆಯಲ್ಲಿ ಮಲಯ್, ಮನೆಯಲ್ಲಿ ಬಾಂಡಾ ನುಡಿ, ಹೀಗೆ ನಾನೂರು ವರ್ಷ ನಡೆಸಿದ್ದಾರೆ. ಫಿನ್ಲೆಂಡಿನ ವಿದ್ವಾಂಸ ಟಿಮೊ ಕಾರ್ಟಿನೆನ್ 1990ರ ದಶಕದಲ್ಲಿ ಬಾಂಡಾ ಎಲಿಯಲ್ಲಿ ಉಳಿದು ಅವರ ಹಾಡುಗಳನ್ನು ಬರೆದುಕೊಂಡರು. ಹಿರಿಯರ ಕಡಲ ಪಯಣ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲಿಯ ಮಕ್ಕಳು ಓದಿಗೆ, ಕೆಲಸಕ್ಕೆ ಅಂಬೋನ್ ಪಟ್ಟಣಕ್ಕೆ ಹೋಗುತ್ತಾರೆ. ಅಲ್ಲಿ ಮಾತು ಮಲಯ್ ಆಗುತ್ತದೆ. ರಜೆಗೆ ಊರಿಗೆ ಬಂದಾಗ ಅಜ್ಜಿಯರು ಬಾಂಡಾ ನುಡಿಯಲ್ಲೇ ಕರೆಯುತ್ತಾರೆ.