ಖರ್ಚಿನ ಲೆಕ್ಕಕ್ಕೆ ಯಾವ ಆ್ಯಪ್? ಹಾಕಿಕೊಳ್ಳುವ ಮುನ್ನ ಇಷ್ಟು ನೋಡಿ

ದಿನವಿಡೀ ವ್ಯಾಪಾರ ಆಗಿರುತ್ತೆ, ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲ. ಎಲ್ಲಿ ಹೋಯ್ತು ಅಂದ್ರೆ ಲೆಕ್ಕವೂ ಇಲ್ಲ. ಲೆಕ್ಕ ಬರೆಯಲು ಈಗ ಮೊಬೈಲ್ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಎಲ್ಲವೂ ಒಂದೇ ಕೆಲಸಕ್ಕೆ ಮಾಡಿದ್ದಲ್ಲ.

ಮೊದಲು ಮನೆ, ಅಂಗಡಿ ಬೇರೆ ಮಾಡಿ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಜಮೆ ಆಗಿದ್ದೆಲ್ಲ ವ್ಯಾಪಾರದ ಹಣವಲ್ಲ, ಸ್ವಂತದ್ದೂ ಸೇರಿದೆ ಎಂದು ಹಲವರು ಹೇಳಿದ್ದರು. ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕ ತೋರಿಸಬೇಕು. ಹಾಗಾಗಿ ಅಂಗಡಿಗೊಂದು ಬ್ಯಾಂಕ್ ಖಾತೆ ಮತ್ತು ಕ್ಯೂಆರ್, ಮನೆಗೆ ಇನ್ನೊಂದು ಖಾತೆ ಇರಲಿ. ಆ್ಯಪ್ ಆಮೇಲೆ.

ಉದ್ರಿ ಲೆಕ್ಕಕ್ಕೆ

ಖಾತಾಬುಕ್, ಓಕೆ ಕ್ರೆಡಿಟ್ ಆ್ಯಪ್‌ಗಳು ಉದ್ರಿ ಪುಸ್ತಕ ಇದ್ದಂತೆ. ಯಾರ ಬಾಕಿ ಎಷ್ಟು ಎಂದು ಬರೆದಿಡಬಹುದು, ಗ್ರಾಹಕರಿಗೆ ನೆನಪಿಸುವ ಮೆಸೇಜ್ ಕಳಿಸಬಹುದು. ಆದರೆ ರೇಷನ್, ಸ್ಕೂಲ್ ಫೀಸು, ಚೀಟಿ ಕಂತಿನ ಬಜೆಟ್ ಹಾಕಲು ಇವು ಆಗಿಬರಲ್ಲ.

ಮನೆ ಖರ್ಚಿಗೆ ಮೂರು ದಾರಿ

* ಕೈಯಾರೆ ಬರೆಯುವ ಆ್ಯಪ್: ಮನಿ ಮ್ಯಾನೇಜರ್, ಗುಡ್‌ಬಜೆಟ್ ಈ ಬಗೆಯವು. ಹಾಲಿಗಿಷ್ಟು, ಬಾಡಿಗೆಗಿಷ್ಟು ಅಂತ ಡಬ್ಬಿಗಳಲ್ಲಿ ದುಡ್ಡು ಎತ್ತಿಡುವ ಹಳೇ ಪದ್ಧತಿಯೇ ಗುಡ್‌ಬಜೆಟ್‌ನಲ್ಲಿದೆ. ಉಚಿತವಾಗಿ ಸಿಗುವ ವಿಭಾಗಗಳಿಗೆ ಮಿತಿ ಇದೆ.

* ಎಸ್‌ಎಂಎಸ್ ಓದುವ ಆ್ಯಪ್: ಹಿಂದೆ ವಾಲ್‌ನಟ್ ಎಂದಿದ್ದ ಆಕ್ಸಿಯೊ ಈ ಬಗೆಯದು. ಬರೆಯುವ ಕೆಲಸ ಕಡಿಮೆ. ಆದರೆ ನಗದು ಖರ್ಚು ಇದಕ್ಕೆ ಗೊತ್ತಾಗಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ, 100 ರೂ. ಮೀರದ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿದೆ. ಅಲ್ಲಿಗೆ ಟೀ, ತರಕಾರಿಯ ಚಿಲ್ಲರೆ ಖರ್ಚು ಲೆಕ್ಕದಿಂದ ತಪ್ಪಿಹೋಗುತ್ತದೆ.

* ಗೂಗಲ್ ಶೀಟ್ಸ್: ಉಚಿತ. ಕನ್ನಡದಲ್ಲೇ ಬರೆಯಬಹುದು. ಗಂಡ, ಹೆಂಡತಿ ಇಬ್ಬರೂ ತಮ್ಮ ತಮ್ಮ ಫೋನಿನಿಂದ ಒಂದೇ ಲೆಕ್ಕ ತುಂಬಬಹುದು. ಫೋನ್ ಕಳೆದರೂ ಜಿಮೇಲ್ ಖಾತೆಯಲ್ಲಿ ಲೆಕ್ಕ ಇರುತ್ತದೆ.

ಆ್ಯಪ್ ಮುಚ್ಚಿದರೆ?

ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಎಂಬ ಬಜೆಟ್ ಆ್ಯಪ್ 2024ರ ಮಾರ್ಚ್‌ನಲ್ಲಿ ಬಂದ್ ಆಯಿತು. ಉದ್ರಿ ಪುಸ್ತಕಕ್ಕೆ ಹೀಗಾದರೆ ಬಾಕಿ ವಸೂಲಿ ಮಾಡುವುದು ಯಾವ ಆಧಾರದ ಮೇಲೆ? ಲೆಕ್ಕವನ್ನು ಎಕ್ಸೆಲ್ ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಲು ಬಿಡದ ಆ್ಯಪ್ ಬೇಡ. ತಿಂಗಳಿಗೊಮ್ಮೆ ಇಳಿಸಿ, ಪ್ರಿಂಟ್ ತೆಗೆದಿಡಿ.

ಸಾಲ ಕೊಡ್ತೀವಿ ಅಂದ್ರೆ ಹುಷಾರ್

ಲೆಕ್ಕದ ಹೆಸರಲ್ಲಿ ಬಂದು ಸಾಲದ ಆಫರ್ ತೋರಿಸುವ ಆ್ಯಪ್‌ಗಳೂ ಇವೆ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೊ, ಕರೆ ವಿವರ ಮುಟ್ಟಬಾರದು ಎಂಬುದು 2022ರಿಂದಲೇ ಇರುವ ರಿಸರ್ವ್ ಬ್ಯಾಂಕ್ ನಿಯಮ. ಅನುಮತಿ ಕೇಳಿದರೆ ಕೊಡಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾವುದನ್ನೇ ಆರಿಸಿದರೂ ಮೊದಲ ತಿಂಗಳು ಹಳೇ ನೋಟ್‌ಬುಕ್ಕಿನಲ್ಲೂ ಬರೆಯಿರಿ. ತಿಂಗಳ ಕೊನೆಗೆ ಎರಡೂ ತಾಳೆಯಾದರೆ ಮುಂದುವರಿಸಿ. ಇಲ್ಲದಿದ್ದರೆ ನೋಟ್‌ಬುಕ್ಕೇ ವಾಸಿ.