ಬಿಲ್ ಇವಾನ್ಸ್: ಶ್ರೇಷ್ಠ ಯಾವುದೆಂಬ ಮುಗಿಯದ ವ್ಯಾಜ್ಯ

ಅಮೆರಿಕದ ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ (1929–1980) ಅವರ ರಸಿಕರ ನಡುವೆ ದಶಕಗಳಿಂದ ಇತ್ಯರ್ಥವಾಗದೆ ಉಳಿದ ವ್ಯಾಜ್ಯವೊಂದಿದೆ. ಅವರ ಅತ್ಯುತ್ತಮ ಧ್ವನಿಮುದ್ರಣ ಯಾವುದು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಉತ್ತರಿಸುವವರು ತಮಗರಿವಿಲ್ಲದೆಯೇ ಇನ್ನೊಂದು ಪ್ರಶ್ನೆಯನ್ನೂ ಎದುರಿಸುತ್ತಿರುತ್ತಾರೆ: ತಾವು ಕೇಳುತ್ತಿರುವುದು ಸಂಗೀತವನ್ನೋ, ಅದರ ಬೆನ್ನಿಗಂಟಿದ ಸಾವಿನ ಕಥೆಯನ್ನೋ?

ಬಹುಮತ ಬೀಳುವುದು 1961ರ ಜೂನ್ 25ರ ಭಾನುವಾರಕ್ಕೆ. ಅಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ನೆಲಮಾಳಿಗೆಯೊಂದರಲ್ಲಿರುವ ‘ವಿಲೇಜ್ ವ್ಯಾನ್‌ಗಾರ್ಡ್’ ಕ್ಲಬ್ಬಿನಲ್ಲಿ ಇವಾನ್ಸ್, ಡಬಲ್ ಬಾಸ್ ವಾದಕ ಸ್ಕಾಟ್ ಲಫಾರೊ ಹಾಗೂ ಡ್ರಮ್ಸ್ ವಾದಕ ಪಾಲ್ ಮೋಷಿಯನ್ ಮಧ್ಯಾಹ್ನ ಎರಡು, ಸಂಜೆ ಮೂರು, ಹೀಗೆ ಐದು ಸುತ್ತು ನುಡಿಸಿದರು. ರಿವರ್‌ಸೈಡ್ ಕಂಪನಿಯ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಅದನ್ನು ಮುದ್ರಿಸಿಕೊಂಡರು. ಗಾಜಿನ ಲೋಟಗಳ ಸದ್ದು, ಮೇಜುಗಳಲ್ಲಿನ ಮಾತುಕತೆ ಧ್ವನಿಮುದ್ರಣದಲ್ಲಿ ಇಂದಿಗೂ ಕೇಳಿಸುತ್ತವೆ. ಜಾಝ್ ಇತಿಹಾಸದ ಅತಿ ಪ್ರಸಿದ್ಧ ದಿನಗಳಲ್ಲೊಂದು ಇದೆಂಬ ಸುಳಿವು ಅಲ್ಲಿ ಕುಳಿತವರಿಗೆ ಇದ್ದಂತೆ ತೋರುವುದಿಲ್ಲ.

ಆ ತಂಡ ಮಾಡಿದ್ದೇನು? ಅದುವರೆಗೆ ಪಿಯಾನೊ ತಂಡದಲ್ಲಿ ಬಾಸ್ ವಾದಕನ ಕೆಲಸ ಬಹುಮಟ್ಟಿಗೆ ಲಯದ ನಡೆಯನ್ನು ಹಿಡಿದು ಪಿಯಾನೊಗೆ ಆಧಾರವಾಗಿ ನಿಲ್ಲುವುದಾಗಿತ್ತು. ಲಫಾರೊ ಆ ಕಟ್ಟು ಸಡಿಲಿಸಿದರು. ಪಿಯಾನೊ ಒಂದು ಮಾತು ಆಡಿದರೆ ಬಾಸ್ ಅದಕ್ಕೆ ಉತ್ತರಿಸುತ್ತದೆ, ಕೆಲವೊಮ್ಮೆ ಅಡ್ಡ ಬಂದು ತನ್ನದೇ ಮಾತು ತೆಗೆಯುತ್ತದೆ. ಡ್ರಮ್ಸ್ ತಾಳವನ್ನು ಘಂಟಾಘೋಷವಾಗಿ ಸಾರದೆ ಸೂಚಿಸಿ ಬಿಡುತ್ತದೆ. ಪಕ್ಕವಾದ್ಯದವರು ಮುಖ್ಯ ಗಾಯಕನಷ್ಟೇ ಹಕ್ಕಿನಿಂದ ಮನೋಧರ್ಮ ಬೆಳೆಸಿದರೆ ಕಚೇರಿ ಹೇಗಿದ್ದೀತು ಎಂದು ಊಹಿಸಿಕೊಂಡರೆ ಈ ಬದಲಾವಣೆಯ ತೂಕ ನಮ್ಮ ಓದುಗರಿಗೆ ತಿಳಿದೀತು. ಇವಾನ್ಸ್ ಅಲ್ಲಿ ಕಡಿಮೆ ನುಡಿಸುತ್ತಾರೆ, ಬಿಟ್ಟ ಜಾಗದಲ್ಲಿ ಬೇರೆಯವರು ಬೆಳೆಯುತ್ತಾರೆ.

ಅದಾದ ಹನ್ನೊಂದನೆಯ ದಿನ, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ಮೃತಪಟ್ಟರು. ವಯಸ್ಸು 25. ಇವಾನ್ಸ್ ತಿಂಗಳುಗಟ್ಟಲೆ ಸಾರ್ವಜನಿಕವಾಗಿ ನುಡಿಸಲಿಲ್ಲ. ಆ ಭಾನುವಾರದ ಮೊದಲ ಆಲ್ಬಂ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ಗೆ ಲಫಾರೊ ಎದ್ದು ಕಾಣುವಂಥ ಕೃತಿಗಳನ್ನೇ ಆರಿಸಲಾಯಿತು. ಅವರದೇ ರಚನೆಗಳಾದ ‘ಗ್ಲೋರಿಯಾಸ್ ಸ್ಟೆಪ್’ ಮತ್ತು ‘ಜೇಡ್ ವಿಷನ್ಸ್’ ಅದರ ಮೊದಲಿಗೂ ಕೊನೆಗೂ ಇವೆ. ಅಂದರೆ ಈ ಆಲ್ಬಂ ಹುಟ್ಟುವಾಗಲೇ ಶ್ರದ್ಧಾಂಜಲಿಯಾಗಿತ್ತು. ಎರಡನೆಯದಾದ ‘ವಾಲ್ಟ್ಸ್ ಫಾರ್ ಡೆಬಿ’ 1962ರಲ್ಲಿ ಬಂತು. ಇವೆರಡು ಮತ್ತು ಅದಕ್ಕೂ ಹಿಂದಿನ ಎರಡು ಸ್ಟುಡಿಯೊ ಆಲ್ಬಂಗಳು, ರಿವರ್‌ಸೈಡ್‌ನಲ್ಲಿ ಆ ತಂಡದ ಆಸ್ತಿ ಇಷ್ಟೇ. ಹೆಚ್ಚು ಇಲ್ಲದ್ದಕ್ಕೆ ಬೆಲೆ ಏರುವುದು ಸಹಜ.

ಎದುರು ಪಕ್ಷದವರ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ಅವರು ಎತ್ತಿ ಹಿಡಿಯುವುದು ಮಾರ್ಕ್ ಜಾನ್ಸನ್ ಮತ್ತು ಜೋ ಲಬಾರ್ಬೆರಾ ಇದ್ದ ಕೊನೆಯ ತಂಡವನ್ನು. ಅವರ ಮುಖ್ಯ ಸಾಕ್ಷಿ ‘ನಾರ್ಡಿಸ್’ ಎಂಬ ಕೃತಿ. ಲಫಾರೊ ಜೊತೆ 1961ರ ಫೆಬ್ರವರಿಯಲ್ಲಿ ‘ಎಕ್ಸ್‌ಪ್ಲೊರೇಷನ್ಸ್’ಗೆ ಮುದ್ರಿಸಿದಾಗ ಅದು ಸುಮಾರು ಆರು ನಿಮಿಷದ್ದು. 1979ರ ನವೆಂಬರಿನ ಪ್ಯಾರಿಸ್ ಕಛೇರಿಯಲ್ಲಿ ಅದೇ ಕೃತಿ 15 ನಿಮಿಷ ಮೀರಿ ಹರಿಯುತ್ತದೆ. ಪಿಯಾನೊ ಒಂಟಿಯಾಗಿ ಹೊರಟು ಪ್ರತಿ ತಿರುವಿನಲ್ಲೂ ಹೊಸ ದಾರಿ ಹುಡುಕುತ್ತದೆ. ನಾಜೂಕಿನ ವಾದಕನೆಂದೇ ಹೆಸರಾದವರಲ್ಲಿ ಇಂಥ ಬಿರುಸು ಇತ್ತೇ ಎಂದು ಮೊದಲ ಬಾರಿ ಕೇಳುವವರು ಬೆರಗಾಗುತ್ತಾರೆ. ಅದೇ ಕಛೇರಿಯಲ್ಲಿ ಮಗನಿಗಾಗಿ ರಚಿಸಿದ ‘ಲೆಟರ್ ಟು ಎವನ್’ ಕೂಡ ಇದೆ. ಕೊನೆಯ ಇವಾನ್ಸ್ ಎಂದರೆ ವೇಗ ಮಾತ್ರ ಎನ್ನುವವರಿಗೆ ಅದೊಂದೇ ಸಾಕಷ್ಟು ಉತ್ತರ.

ಈ ಬಿರುಸಿಗೆ ಮಾದಕ ದ್ರವ್ಯವೇ ಕಾರಣವೆಂದು ತಳ್ಳಿಹಾಕುವವರಿದ್ದಾರೆ. ಮೊದಲು ಹೆರಾಯಿನ್, ಕೊನೆಯ ವರ್ಷಗಳಲ್ಲಿ ಕೊಕೇನ್ ಅವರ ದೇಹವನ್ನು ತಿಂದದ್ದು ನಿಜ. 1979ರಲ್ಲಿ ಅಣ್ಣ ಹ್ಯಾರಿ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ಸೆಪ್ಟೆಂಬರ್ 15ರಂದು 51ನೆಯ ವಯಸ್ಸಿನಲ್ಲಿ ಇವಾನ್ಸ್ ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚಿನ ತನಕವೂ ಸ್ಯಾನ್ ಫ್ರಾನ್ಸಿಸ್ಕೊದ ‘ಕೀಸ್ಟೋನ್ ಕಾರ್ನರ್’ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರು. ಆ ರಾತ್ರಿಗಳ ಧ್ವನಿಮುದ್ರಣವನ್ನು ಸಾವಿನ ಮುನ್ನುಡಿಯೆಂದು ಭಾವಿಸಿ ಕೇಳುವ ಚಾಳಿ ಬೆಳೆದಿದೆ. ಹೀಗೆ ನೋಡಿದರೆ ಎರಡೂ ಪಕ್ಷಗಳ ಕಿವಿಯಲ್ಲಿ ಒಂದೊಂದು ಸಾವು ಕುಳಿತಿದೆ. ಎಡ್ಡಿ ಗೋಮೆಜ್ ಜೊತೆ ಕಳೆದ ಹನ್ನೊಂದು ವರ್ಷಗಳಿಗೆ (1966–77) ವಕೀಲರು ಕಡಿಮೆ ಇರುವುದಕ್ಕೆ ಅಂಥದೊಂದು ಕಥೆ ಆ ತಂಡಕ್ಕೆ ಇಲ್ಲದಿರುವುದೇ ಬಹುಶಃ ಕಾರಣ. 1977ರ ‘ಯು ಮಸ್ಟ್ ಬಿಲೀವ್ ಇನ್ ಸ್ಪ್ರಿಂಗ್’ ಮಾತ್ರ ಈ ಮಾತಿಗೆ ಅಪವಾದ. ಆದರೆ ಅದೂ ಇವಾನ್ಸ್ ತೀರಿಕೊಂಡ ಮೇಲೆ, 1981ರಲ್ಲಿ, ಹೊರಬಂದದ್ದು.

ಸಣ್ಣಪುಟ್ಟ ಬಣಗಳೂ ಇವೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ (1959) ಇವಾನ್ಸ್ ಇಲ್ಲದೆ ಆ ರೂಪ ತಾಳುತ್ತಿರಲಿಲ್ಲವೆಂಬುದು ಒಂದು ವಾದ. ಅದರ ‘ಬ್ಲೂ ಇನ್ ಗ್ರೀನ್’ ಯಾರ ರಚನೆ ಎಂಬುದೇ ಪ್ರತ್ಯೇಕ ವಿವಾದ. ಗಿಟಾರ್ ವಾದಕ ಜಿಮ್ ಹಾಲ್ ಜೊತೆಗಿನ ‘ಅಂಡರ್‌ಕರೆಂಟ್’ಗೆ ನಿಷ್ಠರಾದವರು ಸಂಖ್ಯೆಯಲ್ಲಿ ಕಡಿಮೆ, ಹಟದಲ್ಲಿ ಹೆಚ್ಚು. ಮೂರು ಪಿಯಾನೊಗಳನ್ನೂ ತಾವೇ ಒಂದರ ಮೇಲೊಂದು ಮುದ್ರಿಸಿದ ‘ಕಾನ್ವರ್ಸೇಷನ್ಸ್ ವಿತ್ ಮೈಸೆಲ್ಫ್’ (1963) ಇವಾನ್ಸ್‌ಗೆ ಮೊದಲ ಗ್ರ್ಯಾಮಿ ತಂದಿತಾದರೂ ಅದನ್ನು ಶ್ರೇಷ್ಠವೆನ್ನುವವರು ಈಗ ವಿರಳ. ಅಲ್ಲಿ ಎದುರಾಡುವವರೇ ಇಲ್ಲ. ಒಟ್ಟು ಏಳು ಗ್ರ್ಯಾಮಿಗಳಲ್ಲಿ ಲಫಾರೊ ಇದ್ದ ತಂಡಕ್ಕೆ ಒಂದೂ ಸಂದಿಲ್ಲ ಎಂಬುದು ಪ್ರಶಸ್ತಿಗಳನ್ನು ಪುರಾವೆಯಾಗಿ ತರುವವರು ಮರೆಯುವ ಸಂಗತಿ.

ಪಿಯಾನೊ ಕೌಶಲವೊಂದನ್ನೇ ತೂಗಿದರೆ ಕೊನೆಯ ವರ್ಷಗಳ ತಟ್ಟೆ ಕೆಳಗಿಳಿಯುತ್ತದೆ. ಮೂವರು ಕೂಡಿ ಒಂದಾಗುವುದನ್ನು ತೂಗಿದರೆ 1961ಕ್ಕೆ ಸರಿಗಟ್ಟುವಂಥದು ಇಲ್ಲ, ಮತ್ತು ಅದಕ್ಕೆ ಲಫಾರೊ ಸಾವಿನ ನೆರವು ಬೇಕಿಲ್ಲ. 2005ರಲ್ಲಿ ಆ ದಿನದ ಸಂಪೂರ್ಣ ಧ್ವನಿಮುದ್ರಣ ಮೂರು ಸಿ.ಡಿ.ಗಳಲ್ಲಿ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ‘ಗ್ಲೋರಿಯಾಸ್ ಸ್ಟೆಪ್’ನ ಮೊದಲ ಸುತ್ತಿನ ನಡುವೆ ವಿದ್ಯುತ್ ಕೈಕೊಟ್ಟು ಮುದ್ರಣ ತುಂಡಾದದ್ದೂ ಅದರಲ್ಲಿ ಹಾಗೆಯೇ ಇದೆ. ದಂತಕಥೆಯ ಬದಲು ದುಡಿಮೆಯ ಒಂದು ದಿನ ಅಲ್ಲಿ ಕೇಳಿಸುತ್ತದೆ.

ಸ್ವತಃ ತೀರ್ಮಾನಿಸಬಯಸುವವರಿಗೆ ‘ಮೈ ರೊಮಾನ್ಸ್’ ಒಳ್ಳೆಯ ಒರೆಗಲ್ಲು. 1956ರ ಚೊಚ್ಚಲ ಆಲ್ಬಂನಲ್ಲಿ ಇವಾನ್ಸ್ ಅದನ್ನು ಒಬ್ಬರೇ, ಸುಮಾರು ಎರಡು ನಿಮಿಷದಲ್ಲಿ ನುಡಿಸಿ ಮುಗಿಸಿದ್ದರು. 1961ರ ಭಾನುವಾರದಲ್ಲೂ 1979ರ ಪ್ಯಾರಿಸ್ಸಿನಲ್ಲೂ ಅದೇ ಹಾಡು ಮತ್ತೆ ಬರುತ್ತದೆ. ಮೂರನ್ನೂ ಇಸವಿ ನೋಡದೆ ಕೇಳುವುದು ಮೇಲು.