ನಾಲ್ಕು ಗುಂಟೆ, ಹತ್ತು ಸೆಂಟ್ಸ್, ಒಂದು ಗೋಡೆ

ಉಪ್ಪ ಅಂಗಡಿ ಇಟ್ಟದ್ದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ್‌ನಲ್ಲಿ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಗೋದಾಮಿಗೆಂದು ಪೇಟೆಯ ಹೊರಗೆ ಎನ್‌ಎ ಆದ ಜಾಗ ಕೊಂಡರು. ಮಾರುವವರು "ನಾಲ್ಕು ಗುಂಟೆ" ಅಂದರು. ಉಪ್ಪ ಲೆಕ್ಕ ಹಾಕಿ, "ಅಂದರೆ ನಮ್ಮ ಹತ್ತು ಸೆಂಟ್ಸ್" ಎಂದು ಉಮ್ಮನಿಗೆ ಹೇಳಿದರು. ಲೆಕ್ಕ ಸರಿಯೇ ಇತ್ತು. ಆದರೂ ಎರಡು ವರ್ಷದ ಬಳಿಕ ಕಟ್ಟಿದ ಗೋಡೆಯನ್ನು ಒಡೆಯಬೇಕಾಯಿತು.

ಈ ಗುಂಟೆಯ ಹಿಂದೆ ಒಂದು ಕಥೆ ಇದೆ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಬಾಂಬೆ ಸರ್ವೆ ಪದ್ಧತಿಯನ್ನು ಶುರು ಮಾಡಿದರು. ಪ್ರತಿ ಹೊಲಕ್ಕೆ ಒಂದು ನಂಬರ್, ಗಡಿಗೆ ಕಲ್ಲು. ಅಳತೆಗೆ 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಕೊಲ್ಹಾಪುರ, ಇಚಲಕರಂಜಿ, ಬೆಳಗಾವಿ, ಧಾರವಾಡ, ಎಲ್ಲ ಕಡೆ ಈ ಗುಂಟೆಯೇ ನಡೆಯಿತು.

ನಮ್ಮ ಊರು ಮದ್ರಾಸಿನ ಕೆಳಗಿತ್ತು. ಅಲ್ಲಿ ಎಕರೆಯನ್ನು ನೂರು ಪಾಲು ಮಾಡಿ ಸೆಂಟ್ಸ್ ಅಂದರು. 1862ರಲ್ಲಿ ಉತ್ತರ ಕೆನರಾ ಬಾಂಬೆಗೆ ಸೇರಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಇವತ್ತಿಗೂ ಬೈಂದೂರಿನಲ್ಲಿ ಸೆಂಟ್ಸ್, ಪಕ್ಕದ ಭಟ್ಕಳದಲ್ಲಿ ಗುಂಟೆ. ರಾಜ್ಯ ಒಂದೇ, ಅಳತೆ ಎರಡು. ಸಂಕೇಶ್ವರದಿಂದ ಗಡಹಿಂಗ್ಲಜ್‌ಗೆ ಹೋದರೆ ರಾಜ್ಯ ಬದಲಾಗುತ್ತದೆ, ಗುಂಟೆ ಬದಲಾಗುವುದಿಲ್ಲ. ಗಡಿ ಬರುವುದಕ್ಕಿಂತ ಎಷ್ಟೋ ಮೊದಲೇ ಸರಪಳಿ ಬಂದಿತ್ತು.

ನಾವು ಎಡವಿದ್ದು ಮೂರನೇ ಅಳತೆಯಲ್ಲಿ. 1956ರ ಕಾಯ್ದೆಯಿಂದ ದೇಶಕ್ಕೆ ಮೆಟ್ರಿಕ್ ಬಂತು. ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಈಗ ಹೆಕ್ಟೇರ್ ಮತ್ತು ಆರ್ ಇರುತ್ತದೆ. ಒಂದು ಆರ್ ಅಂದರೆ 100 ಚದರ ಮೀಟರ್. ಒಂದು ಗುಂಟೆ 101.17 ಚದರ ಮೀಟರ್. ಬಾಯಿಮಾತಿನಲ್ಲಿ ಎರಡಕ್ಕೂ ಗುಂಟೆ ಎಂದೇ ಹೇಳುತ್ತಾರೆ. ನಮ್ಮ ಉತಾರೆಯಲ್ಲಿ ಇದ್ದದ್ದು 4 ಆರ್. ಉಪ್ಪ ಟೇಪು ಹಿಡಿದು ಕಟ್ಟಿಸಿದ್ದು 66 ಅಡಿಗೆ 66 ಅಡಿ, ಪೂರಾ ನಾಲ್ಕು ಗುಂಟೆ. ವ್ಯತ್ಯಾಸ ಸುಮಾರು 50 ಚದರ ಅಡಿ. ಪಕ್ಕದವರು ಮೋಜಣಿಗೆ ಅರ್ಜಿ ಹಾಕಿ ಅಳೆಸಿದಾಗ ನಮ್ಮ ಒಂದು ಬದಿಯ ಗೋಡೆ 9 ಇಂಚು ಅವರ ಜಾಗದಲ್ಲಿತ್ತು. 9 ಇಂಚು ಅಂದರೆ ಸರಿಯಾಗಿ ಒಂದು ಗೋಡೆಯ ದಪ್ಪ.

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನಾನು ಆಗ ಇಚಲಕರಂಜಿಯಲ್ಲಿ ಮಗ್ಗದ ಶೆಡ್‌ಗಳ ಕೆಲಸದಲ್ಲಿದ್ದೆ. ಅಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬೋಲ್ಟ್ ಕೂರಿಸುತ್ತಿದ್ದವನು ಮನೆಯ ಉತಾರೆಯನ್ನು ಒಮ್ಮೆಯೂ ಓದಿರಲಿಲ್ಲ. ಪಕ್ಕದವರು ಜಗಳಕ್ಕೆ ಬರಲಿಲ್ಲ. "ಭಾವು, ನಿಧಾನಕ್ಕೆ ತೆಗೆಸಿ" ಅಂದರು. ಉಪ್ಪ ಮರುದಿನವೇ ಗಾರೆಯವರನ್ನು ಕರೆಸಿದರು. "ಅವರ ಜಾಗದ ಮೇಲೆ ನಮ್ಮ ಗೋಡೆ ಒಂದು ರಾತ್ರಿ ಹೆಚ್ಚು ನಿಲ್ಲಬಾರದು" ಅಂದದ್ದು ಈಗಲೂ ಕಿವಿಯಲ್ಲಿದೆ.

ಸರ್ವೆಯವರು ಹೇಳುವ ಹದ್ದು, ಹಿಸ್ಸಾ ಎಂಬ ಮಾತುಗಳು ಅರಬಿಯಿಂದ ಬಂದವು. ಹದ್ದು ಅಂದರೆ ಮಿತಿ, ಹಿಸ್ಸಾ ಅಂದರೆ ಪಾಲು. ನಮ್ಮವರು ಈಗ ಆ ಕಡೆ ಜಾಗ ಕೊಳ್ಳುವಾಗ ನಾನು ಹೇಳುವುದು ಇಷ್ಟೇ: ಗುಂಟೆಯೋ ಆರ್ ಆಗಿದೆಯೋ ಎಂದು ಉತಾರೆಯಲ್ಲೇ ನೋಡಿ. ಕಟ್ಟಡದ ಗುರುತು ಹಾಕಲು ಖಾಸಗಿಯವರ ಟೋಟಲ್ ಸ್ಟೇಷನ್ ಸಾಕು. ಹದ್ದಿಗೆ ಮಾತ್ರ ಸರ್ಕಾರಿ ಮೋಜಣಿ ಮಾಡಿಸಿ, ಅದರ ನಕಾಶೆ 'ಕ-ಪ್ರತ್' ಕೈಗೆ ಬಂದ ಮೇಲೆಯೇ ಪಾಯ ತೆಗೆಯಿರಿ.